ರೈಡಿಗೆ ಬಂದ ಗೊಂಬೆ, ಊಟಕ್ಕೆ ಕರೆದ ಇಲಿ

ಅನಿಮೇಷನ್ ಚಿತ್ರಗಳ ಕಥೆ ಥೀಮ್ ಪಾರ್ಕ್ ರೈಡುಗಳಿಗೆ ಹೊಸದಲ್ಲ. 1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ತೆರೆದ ಡಿಸ್ನಿಲ್ಯಾಂಡ್‌ನಲ್ಲಿ ಸ್ನೋ ವೈಟ್, ಪೀಟರ್ ಪ್ಯಾನ್ ಹೆಸರಿನ ರೈಡುಗಳಿದ್ದವು. ವಿಚಿತ್ರವೆಂದರೆ, ಅವುಗಳೊಳಗೆ ಸ್ನೋ ವೈಟೂ ಇರಲಿಲ್ಲ, ಪೀಟರ್ ಪ್ಯಾನೂ ಇರಲಿಲ್ಲ. ಬಂಡಿಯಲ್ಲಿ ಕೂತವರೇ ಕಥೆಯ ನಾಯಕರು, ಮಾಟಗಾತಿ ಹೆದರಿಸುವುದು ಅವರನ್ನೇ ಎಂಬುದು ವಿನ್ಯಾಸಕಾರರ ಎಣಿಕೆ. ಜನರಿಗೆ ಈ ಜಾಣತನ ತಲೆಗೆ ಹತ್ತಲಿಲ್ಲ. ‘ಸ್ನೋ ವೈಟ್ ಎಲ್ಲಿ?’ ಎಂಬ ಪ್ರಶ್ನೆ ನಿಲ್ಲಲೂ ಇಲ್ಲ. 1983ರ ನವೀಕರಣದಲ್ಲಿ ಇಬ್ಬರ ಗೊಂಬೆಗಳೂ ಬಂದವು.

ಸಿನಿಮಾದ ಹಂಗಿಲ್ಲದೆ ಹುಟ್ಟಿದ ರೈಡಿಗೆ ಪಾತ್ರ ತುರುಕುವುದು ಬೇರೆಯೇ ಮಾತು. ಮಕ್ಕಳ ಗೊಂಬೆಗಳ ನಡುವೆ ದೋಣಿಯಲ್ಲಿ ಸಾಗುವ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ 1964ರ ನ್ಯೂಯಾರ್ಕ್ ವಿಶ್ವಮೇಳಕ್ಕಾಗಿ ಕಟ್ಟಿದ್ದು. ಕಲಾವಿದೆ ಮೇರಿ ಬ್ಲೇರ್ ಅದರ ಬಣ್ಣ, ಆಕಾರಗಳ ಕರ್ತೃ. ಆಮೇಲೆ ಡಿಸ್ನಿಲ್ಯಾಂಡ್‌ಗೆ ಬಂದ ಈ ರೈಡಿಗೆ 2009ರಲ್ಲಿ ಸಿನಿಮಾ ಪಾತ್ರಗಳನ್ನು ಸೇರಿಸಿದಾಗ ಬ್ಲೇರ್ ಕುಟುಂಬದವರೇ ಆಕ್ಷೇಪಿಸಿದರು. ಹೊಸ ಗೊಂಬೆಗಳು ಬ್ಲೇರ್ ಶೈಲಿಯಲ್ಲೇ ಇರುವುದರಿಂದ ಕಣ್ಣಿಗೆ ಚುಚ್ಚುವುದಿಲ್ಲ, ನಿಜ. ಆದರೂ ಹೆಸರಿಲ್ಲದ ನೂರಾರು ಮಕ್ಕಳ ನಡುವೆ ಪರಿಚಿತ ಮುಖವೊಂದು ಕಂಡರೆ ದೋಣಿಯಲ್ಲಿ ಕೂತವರ ಕಣ್ಣು ಮುಂದೆ ಅಂಥದ್ದನ್ನೇ ಹುಡುಕತೊಡಗುತ್ತದೆ. ಉಳಿದ ಗೊಂಬೆಗಳು ಬರೀ ಹಿನ್ನೆಲೆಯಾಗುತ್ತವೆ. ಫ್ಲಾರಿಡಾದ ಡಿಸ್ನಿ ಪಾರ್ಕಿನಲ್ಲಿ ಯಂತ್ರದ ಹಕ್ಕಿಗಳು ಹಾಡುವ ಟಿಕಿ ರೂಮ್ ಪ್ರದರ್ಶನದ ಕಥೆ ಇನ್ನೂ ಕೆಟ್ಟದ್ದು. ಅಲ್ಲಿ 1998ರಲ್ಲಿ ಬಂದ ‘ಅಲಾದ್ದೀನ್’ ಚಿತ್ರದ ಇಯಾಗೊ, ‘ದ ಲಯನ್ ಕಿಂಗ್’ ಚಿತ್ರದ ಜಾಜು ಹಕ್ಕಿಗಳು ಹಳೆಯ ಪ್ರದರ್ಶನವನ್ನೇ ಗೇಲಿ ಮಾಡುತ್ತಿದ್ದವು. 2011ರ ಜನವರಿಯಲ್ಲಿ ಬೆಂಕಿ ಬಿತ್ತು. ಅದೇ ವರ್ಷ ಹಳೆಯ ಪ್ರದರ್ಶನವೇ ಮರಳಿತು.

ಹಳೆಯ ರೈಡಿಗೆ ಸೇರಿಸಿದ ಪಾತ್ರಗಳೆಲ್ಲ ಹೀಗೆ ಕೆಡಿಸಲಿಲ್ಲ. 1998ರಲ್ಲಿ ನಿಂತುಹೋಗಿದ್ದ ಡಿಸ್ನಿಲ್ಯಾಂಡ್‌ನ ಜಲಾಂತರ್ಗಾಮಿಗಳನ್ನು 2007ರಲ್ಲಿ ಮತ್ತೆ ನೀರಿಗಿಳಿಸಿದ್ದು ‘ಫೈಂಡಿಂಗ್ ನೀಮೊ’ ಚಿತ್ರದ ನೀಮೊ ಮೀನು. ಅದು ಸಮುದ್ರದ ಕಥೆಯೇ ಆದ್ದರಿಂದ ಯಾರಿಗೂ ಹೊರೆ ಎನಿಸಲಿಲ್ಲ.

ಊಟದ ಮನೆಗಳಲ್ಲಿ ಸಿನಿಮಾ ಲೋಕ ಕಟ್ಟುವ ಈ ಕಲೆ ಚೆನ್ನಾಗಿ ಪಳಗಿದೆ. ಪ್ಯಾರಿಸ್‌ನ ಡಿಸ್ನಿ ಪಾರ್ಕಿನಲ್ಲಿ 2014ರಲ್ಲಿ ತೆರೆದ , ‘ರ‍್ಯಾಟಟೂಯಿ’ ಚಿತ್ರದ ಅಡುಗೆಗಾರ ಇಲಿ ರೆಮಿಯ ಹೆಸರಿನ ಬಿಸ್ತ್ರೋ ಶೆ ರೆಮಿಯಲ್ಲಿ ಕುರ್ಚಿಗಳು ಶಾಂಪೇನ್ ಬಾಟಲಿಯ ಮುಚ್ಚಳದಂತಿವೆ, ದೈತ್ಯ ತಟ್ಟೆಗಳೇ ಅಡ್ಡಗೋಡೆಗಳು. ಬಂದವರು ಇಲಿಯ ಗಾತ್ರಕ್ಕೆ ಇಳಿಯುತ್ತಾರೆ. ತಟ್ಟೆಯಲ್ಲಿ ಚಿತ್ರದ ಹೆಸರಿನ ತಿನಿಸಾದ ರ‍್ಯಾಟಟೂಯಿಯೂ ಬರುತ್ತದೆ. ರೆಮಿಯ ಗೊಂಬೆ ಮೇಜಿನ ಬಳಿ ಸುಳಿಯದಿದ್ದರೂ ಅವನ ಲೋಕದಲ್ಲಿ ಕೂತ ಅನುಭವಕ್ಕೆ ಕೊರತೆಯಿಲ್ಲ. ಗೋಡೆಗೆ ಚಿತ್ರ ಅಂಟಿಸಿ ಬರ್ಗರ್ ಮಾರುವ ಹೋಟೆಲುಗಳಿಗೆ ಇದು ಸಿಗದ ಸುಖ.

‘ದ ಪ್ರಿನ್ಸೆಸ್ ಆ್ಯಂಡ್ ದ ಫ್ರಾಗ್’ ಚಿತ್ರದ ನಾಯಕಿ ಟಿಯಾನಾಳಿಗಂತೂ ಸಿನಿಮಾದಲ್ಲೇ ಹೋಟೆಲು ತೆರೆಯುವ ಕನಸಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಡಿಸ್ನಿಲ್ಯಾಂಡ್‌ನಲ್ಲಿ ಬಾಗಿಲು ತೆರೆದ ಟಿಯಾನಾಸ್ ಪ್ಯಾಲೆಸ್ ನ್ಯೂ ಆರ್ಲಿಯನ್ಸ್ ಶೈಲಿಯ ಗಂಬೊ ಎಂಬ ಗಟ್ಟಿ ಸಾರು ಬಡಿಸುತ್ತದೆ. ತೆರೆದಾಗಿನ ಪಟ್ಟಿಯಲ್ಲಿ ಮಾಂಸವಿಲ್ಲದ, ಸೊಪ್ಪಿನ ಗಂಬೊ ಕೂಡ ಇತ್ತು.