ತಂಡದಲ್ಲೊಬ್ಬ ತಕರಾರಿನವ

ಹವ್ಯಾಸಿ ಫುಟ್‌ಬಾಲ್ ಕ್ಲಬ್‌ನ ನಾಯಕನಿಗೆ ಎದುರಾಳಿ ತಂಡಕ್ಕಿಂತ ಹೆಚ್ಚಿನ ತಲೆನೋವು ತನ್ನದೇ ಜೆರ್ಸಿ ತೊಟ್ಟ ತಕರಾರಿನ ಆಟಗಾರ. ಅಭ್ಯಾಸಕ್ಕೆ ತಲೆಹಾಕದೆ ಪಂದ್ಯದ ದಿನ ಮಾತ್ರ ಬೂಟು ಹಿಡಿದು ಬರುವವನು, ಕಾಲಿಗೆ ಸಿಕ್ಕ ಚೆಂಡನ್ನು ಯಾರಿಗೂ ಬಿಡದವನು, ರೆಫರಿಯ ಸೀಟಿಗೊಮ್ಮೆ ವಾದಕ್ಕೆ ನಿಲ್ಲುವವನು, ಜತೆಗಾರರ ಮೇಲೆ ಕೂಗಾಡುವವನು ಎಲ್ಲರೂ ಈ ಸಾಲಿಗೆ ಸೇರುತ್ತಾರೆ. ಇವರಲ್ಲಿ ಹೆಚ್ಚಿನವರು ಕೆಟ್ಟ ಆಟಗಾರರಲ್ಲ. ಎಷ್ಟೋ ಸಲ ತಂಡದ ಅತ್ಯುತ್ತಮ ಆಟಗಾರನೇ ತಕರಾರಿನವನಾಗಿರುತ್ತಾನೆ, ಸಮಸ್ಯೆ ಬಿಗಡಾಯಿಸುವುದೂ ಅಲ್ಲೇ.

ವೃತ್ತಿಪರ ಕ್ಲಬ್‌ಗಳಿಗೆ ಇದನ್ನು ನಿಭಾಯಿಸಲು ಬಲವಾದ ಅಸ್ತ್ರವೊಂದಿದೆ. 2005ರ ಏಪ್ರಿಲ್ 2ರಂದು ನ್ಯೂಕಾಸಲ್ ಯುನೈಟೆಡ್ ತಂಡ ತನ್ನದೇ ಮೈದಾನದಲ್ಲಿ ಆಸ್ಟನ್ ವಿಲ್ಲಾಗೆ 3-0ರಿಂದ ಸೋಲುತ್ತಿದ್ದಾಗ, ಅದರ ಮಿಡ್‌ಫೀಲ್ಡರ್‌ಗಳಾದ ಲೀ ಬೋಯರ್ ಮತ್ತು ಕೀರನ್ ಡಯರ್ ಪರಸ್ಪರ ಕೈಕೈ ಮಿಲಾಯಿಸಿದರು. ಡಯರ್ ತನಗೆ ಪಾಸ್ ಕೊಡುತ್ತಿಲ್ಲ ಎಂಬುದು ಬೋಯರ್‌ನ ದೂರು. ನಿಯಮದ ಕಣ್ಣಲ್ಲಿ ಜತೆಗಾರನಿಗೆ ಹೊಡೆಯುವುದೂ ಎದುರಾಳಿಗೆ ಹೊಡೆಯುವುದೂ ಒಂದೇ ಅಪರಾಧ. ಇಬ್ಬರಿಗೂ ಕೆಂಪು ಕಾರ್ಡ್ ಸಿಕ್ಕಿತು. ಮೊದಲೇ ಒಬ್ಬನನ್ನು ಕಳೆದುಕೊಂಡಿದ್ದ ನ್ಯೂಕಾಸಲ್ ಎಂಟೇ ಮಂದಿಯೊಂದಿಗೆ ಪಂದ್ಯ ಮುಗಿಸಿತು. ಕ್ಲಬ್ ಬೋಯರ್‌ಗೆ ಆರು ವಾರಗಳ ಸಂಬಳವನ್ನು ದಂಡವಾಗಿ ಹಾಕಿತು. ಹವ್ಯಾಸಿ ಕ್ಲಬ್‌ನಲ್ಲಿ ಕಡಿತ ಮಾಡಲು ಸಂಬಳವೇ ಇಲ್ಲ. ಆಟಗಾರನೇ ಚಂದಾ ಕೊಟ್ಟು, ಬೂಟು ಕೊಂಡು, ಬಸ್ಸಿನ ಖರ್ಚು ಭರಿಸಿ ಬಂದಿರುತ್ತಾನೆ. ನಾಯಕನ ಕೈಯಲ್ಲಿರುವುದು ಒಂದೇ, ಆಡಲು ಸಿಗುವ ಹೊತ್ತು.

ಅದನ್ನು ಬಳಸುವುದೂ ಸುಲಭವಲ್ಲ. ಬೆಂಗಳೂರಿನ ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದಂಥ ಕಡೆ ಫುಟ್‌ಬಾಲ್ ಬಡಾವಣೆಯ ಬದುಕಿನೊಳಗೇ ಬೆಳೆದಿದೆ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಇಂಥ ಕಡೆ ಜತೆಗಾರನೆಂದರೆ ಪಕ್ಕದ ಬೀದಿಯವನು, ಶಾಲೆಯಲ್ಲಿ ಒಟ್ಟಿಗೆ ಓದಿದವನು, ಇಲ್ಲವೇ ಅಣ್ಣನ ಗೆಳೆಯ. ಅವನನ್ನು ಹೊರಗೆ ಕೂರಿಸಿದರೆ ಮಾತು ಮೈದಾನದಲ್ಲೇ ಮುಗಿಯದೆ ಮನೆವರೆಗೆ ಬರುತ್ತದೆ. ವಯಸ್ಸಿನ ಅಂತರವೂ ಸೇರಿಕೊಳ್ಳುತ್ತದೆ. ಇಪ್ಪತ್ತೆರಡರ ನಾಯಕ ಮೂವತ್ತೈದರ ಸ್ಟ್ರೈಕರ್‌ಗೆ "ಅಣ್ಣ, ಸ್ವಲ್ಪ ಹೊತ್ತು ಹೊರಗೆ ಕೂತ್ಕೊಳ್ಳಿ" ಎಂದು ಹೇಳಲು ಎದೆಗಾರಿಕೆ ಬೇಕು. ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಟರ್ಫ್‌ನಲ್ಲಿ ಆಡುವ ಗುಂಪುಗಳ ಕತೆ ಬೇರೆ. ಅಲ್ಲಿ ದುಡ್ಡು ಹಂಚಿಕೊಂಡವರೆಲ್ಲ ಸಮಾನರು, ಹೇಳುವವರು ಕೇಳುವವರು ಯಾರೂ ಇರುವುದಿಲ್ಲ. ಇದರ ಮೇಲೆ ತಲೆ ಎಣಿಕೆಯ ಭಯ. ಏಳು ಮಂದಿಗಿಂತ ಕಡಿಮೆಯಿದ್ದರೆ ಪಂದ್ಯ ಶುರುವಾಗದು, ಮುಂದುವರಿಯದು ಎಂಬುದು ಆಟದ ಮೂರನೇ ನಿಯಮ. ಭಾನುವಾರ ಬೆಳಿಗ್ಗೆ ಎಷ್ಟು ಜನ ಬರುತ್ತಾರೋ ತಿಳಿಯದ ಕ್ಲಬ್, ಬಂದವನ ಬಾಯಿಗೆ ಹೆದರುತ್ತದೆ.

ಎಲ್ಲರಿಗಿಂತ ಹೆಚ್ಚು ಹಾನಿ ಮಾಡುವವನು ಜತೆಗಾರರ ಮೇಲೆ ಕೂಗಾಡುವವನೇ. ಆ ಹಾನಿ ಸ್ಕೋರಿನಲ್ಲಿ ಕಾಣುವುದಕ್ಕೆ ಮೊದಲು ಆಟಗಾರರ ನಡೆಯಲ್ಲಿ ಕಾಣುತ್ತದೆ. ಎಡಗಡೆಯ ವಿಂಗರ್ ಕೊಟ್ಟ ಕ್ರಾಸ್ ತಪ್ಪಿ ಗೋಲಿನ ಹಿಂದೆ ಹೋಯಿತು ಎನ್ನಿ. ಮುಂದಿದ್ದವನು ಎರಡೂ ಕೈ ಮೇಲೆತ್ತಿ ಇಡೀ ಮೈದಾನಕ್ಕೆ ಕೇಳುವಂತೆ ಬೈಯುತ್ತಾನೆ. ಮುಂದಿನ ಐದು ನಿಮಿಷ ಆ ವಿಂಗರ್‌ನನ್ನೇ ಗಮನಿಸಬೇಕು. ಚೆಂಡು ಕೇಳಲು ಗೆರೆಯ ಬಳಿ ನಿಲ್ಲುತ್ತಿದ್ದವನು ಈಗ ಎದುರಾಳಿ ಡಿಫೆಂಡರ್‌ನ ಬೆನ್ನ ಹಿಂದೆ ಸೇರಿಕೊಳ್ಳುತ್ತಾನೆ, ಪಾಸ್ ತನ್ನತ್ತ ಬರಲಾರದ ಜಾಗದಲ್ಲಿ. ಚೆಂಡು ಬಂದರೂ ತಿರುಗುವುದಿಲ್ಲ, ಒಂದೇ ಟಚ್‌ನಲ್ಲಿ ಹಿಂದಕ್ಕೆ ತಳ್ಳಿ ಕೈತೊಳೆದುಕೊಳ್ಳುತ್ತಾನೆ. ಫುಲ್‌ಬ್ಯಾಕ್ ಪಾಸ್ ಕೊಡಲು ಜಾಗ ಕಾಣದೆ ಚೆಂಡನ್ನು ಉದ್ದಕ್ಕೆ ಒದೆಯುತ್ತಾನೆ. ಒಬ್ಬನ ಬೈಗುಳದಿಂದ ಮೈದಾನದ ಒಂದು ಬದಿಯೇ ಆಟದಿಂದ ಹೊರಬೀಳುತ್ತದೆ. ಬೈದವನಿಗೆ ಚೆಂಡು ಇನ್ನೂ ಕಡಿಮೆ ಸಿಗುತ್ತದೆ, ಅವನ ಕೂಗು ಇನ್ನೂ ಏರುತ್ತದೆ.

ಹಾಗೆಂದು ಫುಟ್‌ಬಾಲ್ ಬಾಯಿಮುಚ್ಚಿ ಆಡುವ ಆಟವಲ್ಲ. "ಮ್ಯಾನ್ ಆನ್", "ಟೈಮ್ ಇದೆ", "ಟರ್ನ್", "ಹಿಂದೆ ಕೊಡು" ಎಂಬ ಮಾತುಗಳಿಲ್ಲದ ತಂಡ ಕಣ್ಣು ಕಟ್ಟಿಕೊಂಡು ಆಡಿದಂತೆ. ನೆರವಾಗುವ ಕೂಗನ್ನೂ ಹಾನಿ ಮಾಡುವ ಕೂಗನ್ನೂ ಬೇರ್ಪಡಿಸಲು ಸರಳ ಪರೀಕ್ಷೆಯಿದೆ. ಜತೆಗಾರ ಚೆಂಡು ಮುಟ್ಟುವ ಮೊದಲು ಹೇಳಿದ್ದು ಮಾಹಿತಿ, ಚೆಂಡು ಕಳೆದುಕೊಂಡ ಮೇಲೆ ಹೇಳಿದ್ದು ದೂರು. ಪಂದ್ಯವೊಂದರಲ್ಲಿ ಯಾರ ಬಾಯಿಂದ ಯಾವುದು ಹೆಚ್ಚು ಬರುತ್ತದೆಂದು ಬೆಂಚಿನ ಮೇಲೆ ಕೂತವರು ಗಮನಿಸಿದರೆ, ತಂಡದ ತಕರಾರಿನವನು ಯಾರೆಂಬ ಬಗ್ಗೆ ವಾದವೇ ಉಳಿಯುವುದಿಲ್ಲ.

ಜತೆಗಾರರೆಲ್ಲ ಗೆಳೆಯರಾಗಿರಲೇಬೇಕೆಂಬ ನಂಬಿಕೆಯನ್ನು ಇಲ್ಲಿ ಪಕ್ಕಕ್ಕಿಡಬೇಕು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಎಂಟು ಮಂದಿಯ ದೋಣಿ ತಂಡ ಚಿನ್ನ ಗೆದ್ದಿತು. ಆ ದೋಣಿಯಲ್ಲಿ ಹುಟ್ಟು ಹಾಕಿದ ಹಾನ್ಸ್ ಲೆಂಕ್ ಮುಂದೆ ತತ್ವಶಾಸ್ತ್ರದ ಪ್ರಾಧ್ಯಾಪಕರಾದರು. ಒಳಜಗಳವಿದ್ದ ತಂಡವೂ ಅತ್ಯುನ್ನತ ಸಾಧನೆ ಮಾಡಬಲ್ಲದು ಎಂದು ಅವರು ಅದೇ ಬಗೆಯ ತಂಡಗಳನ್ನು ಆಧರಿಸಿ ಬರೆದರು. ಆದರೆ ದೋಣಿಗೂ ಫುಟ್‌ಬಾಲಿಗೂ ದೊಡ್ಡ ವ್ಯತ್ಯಾಸವಿದೆ. ಮುಂದೆ ಕೂತವನ ಮೇಲೆ ಎಷ್ಟೇ ಸಿಟ್ಟಿದ್ದರೂ ಹುಟ್ಟನ್ನು ಅದೇ ಲಯದಲ್ಲಿ ಎಳೆಯಲೇಬೇಕು. ಫುಟ್‌ಬಾಲಿನಲ್ಲಿ ಪ್ರತಿ ಪಾಸ್ ಒಂದು ಆಯ್ಕೆ. ಎದುರಿಗೆ ಇಬ್ಬರು ಖಾಲಿ ನಿಂತಿದ್ದಾಗ ಚೆಂಡು ಯಾರ ಕಡೆ ಹೋಗುತ್ತದೆ ಎಂಬುದರಲ್ಲಿ ಮನಸ್ಸಿನ ಕಹಿ ನೇರವಾಗಿ ಇಳಿಯುತ್ತದೆ. ಮೈದಾನದ ಹೊರಗೆ ಮಾತೇ ಆಡದ ಇಬ್ಬರು ಒಳಗೆ ಪರಸ್ಪರ ಪಾಸ್ ಕೊಡುತ್ತಿದ್ದರೆ ನಾಯಕ ತಲೆಹಾಕಬೇಕಿಲ್ಲ. ಪಾಸ್ ನಿಂತ ದಿನ ಮಾತ್ರ ತಡಮಾಡಬಾರದು.

ಚೆಂಡು ಬಿಡದವನಿಗೆ ಬುದ್ಧಿ ಹೇಳುವುದಕ್ಕಿಂತ ಜಾಗ ಬದಲಿಸುವುದು ಮೇಲು. ಮಿಡ್‌ಫೀಲ್ಡಿನ ನಡುವೆ ಡ್ರಿಬಲ್ ಮಾಡಲು ಹೋಗಿ ಚೆಂಡು ಕಳೆದುಕೊಂಡರೆ ಎದುರಾಳಿಗೆ ಗೋಲಿನ ದಾರಿ ತೆರೆದಂತೆ. ಅದೇ ಚಾಳಿ ವಿಂಗ್‌ನಲ್ಲಿ, ಎದುರಾಳಿಯ ಪೆನಾಲ್ಟಿ ಬಾಕ್ಸಿನ ಹತ್ತಿರ, ಕಾರ್ನರನ್ನೋ ಫ್ರೀ ಕಿಕ್ಕನ್ನೋ ತಂದುಕೊಡುತ್ತದೆ. ಅಭ್ಯಾಸದಲ್ಲಿ ಎರಡೇ ಟಚ್ ಎಂಬ ನಿಯಮ ಹಾಕಿ ಆಡಿಸಿದರೆ ಅವನೂ ತಲೆಯೆತ್ತಿ ನೋಡಲು ಕಲಿಯುತ್ತಾನೆ. ಸದಾ ಕೂಗುವವನಿಗೂ ಜಾಗದ ಮದ್ದು ಹಲವು ಸಲ ನಾಟುತ್ತದೆ. ಸೆಂಟರ್ ಬ್ಯಾಕ್ ಆಗಿ ನಿಂತವನಿಗೆ ಇಡೀ ಆಟ ಕಣ್ಣೆದುರಿಗಿರುತ್ತದೆ, ಅಲ್ಲಿ ಗಟ್ಟಿ ಗಂಟಲು ಆಸ್ತಿ.

ರೆಫರಿಯೊಂದಿಗೆ ಜಗಳಾಡುವವನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅವನಿಗೆ ನಿಯಮಗಳೇ ಪಾಠ ಕಲಿಸುತ್ತವೆ. ತೀರ್ಪಿಗೆ ಮಾತಿನಲ್ಲೋ ಕೈಸನ್ನೆಯಲ್ಲೋ ಪ್ರತಿಭಟಿಸಿದರೆ ಹಳದಿ ಕಾರ್ಡ್. ಇಂಗ್ಲೆಂಡಿನಲ್ಲಿ 2019-20ರಿಂದ ತಳಮಟ್ಟದ ಫುಟ್‌ಬಾಲಿನಲ್ಲಿ ಇಂಥವನನ್ನು ಹತ್ತು ನಿಮಿಷ ಹೊರಗೆ ಕಳಿಸುವ ನಿಯಮ ಬಂತು. ಅದಕ್ಕೆ ಮುಂಚಿನ ಪ್ರಯೋಗದಲ್ಲಿ ಇಂಥ ಪ್ರತಿಭಟನೆ ಶೇ 38ರಷ್ಟು ಇಳಿದಿತ್ತು.

ಈ ಹತ್ತು ನಿಮಿಷದ ಉಪಾಯವನ್ನು ನಾಯಕನೂ ಎರವಲು ಪಡೆಯಬಹುದು. ಹೊರಗೆ ಹೋದ ಆಟಗಾರ ಮರಳಿ ಒಳಬರಲು ತಳಮಟ್ಟದ ಆಟದಲ್ಲಿ, ಫುಟ್‌ಬಾಲ್ ಸಂಸ್ಥೆ ಒಪ್ಪಿದರೆ, ನಿಯಮಗಳು ಅವಕಾಶ ಕೊಡುತ್ತವೆ. ಸಿಟ್ಟು ಏರಿದವನನ್ನು ಕರೆದು, ನೀರು ಕೊಟ್ಟು, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಕಳಿಸಿದರೆ ಅದು ಶಿಕ್ಷೆಯಂತೆ ಕಾಣುವುದಿಲ್ಲ, ಕೆಲಸ ಮಾತ್ರ ಆಗುತ್ತದೆ. ಮಾತನಾಡುವುದಿದ್ದರೆ ಹಾಫ್ ಟೈಮಿನಲ್ಲಿ ಎಲ್ಲರೆದುರು ಬೇಡ, ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ಬೇಡವೇ ಬೇಡ. ಬರಹದಲ್ಲಿ ದನಿ ಕೇಳಿಸುವುದಿಲ್ಲ, ಪಕ್ಷ ಕಟ್ಟಲು ಮಂದಿ ಕಾದಿರುತ್ತಾರೆ. ಮುಂದಿನ ಅಭ್ಯಾಸಕ್ಕೆ ಮೊದಲು, ಇಬ್ಬರೇ ಇದ್ದಾಗ, ನಡೆದ ಒಂದು ಘಟನೆಯನ್ನು ಹಿಡಿದು ಮಾತಾಡಬೇಕು. "ನಿಮ್ಮ ಸ್ವಭಾವವೇ ಹೀಗೆ" ಎಂದರೆ ಜಗಳ. "ಆ ಕ್ರಾಸ್ ತಪ್ಪಿದಾಗ ನೀವು ಬೈದಿರಿ, ಆಮೇಲೆ ಹುಡುಗ ಚೆಂಡನ್ನೇ ಕೇಳಲಿಲ್ಲ" ಎಂದರೆ ಅದು ಆಟದ ಮಾತು. ಅದನ್ನು ಫುಟ್‌ಬಾಲ್ ಬಲ್ಲ ಯಾರಾದರೂ ಕಿವಿಗೊಟ್ಟು ಕೇಳುತ್ತಾರೆ.

ಇಷ್ಟೆಲ್ಲ ಆದ ಮೇಲೂ ಬದಲಾಗದವರು ಇರುತ್ತಾರೆ. ಋತುವಿನ ನಡುವೆ ಅವರನ್ನು ಕಳಿಸಿದರೆ ಬಡಾವಣೆ ಎರಡಾಗುತ್ತದೆ. ಇದಕ್ಕಾಗಿಯೇ ಚಂದಾ, ಅಭ್ಯಾಸದ ಹಾಜರಿ, ಆಡುವ ಹನ್ನೊಂದರ ಆಯ್ಕೆ, ಜತೆಗಾರರೊಂದಿಗಿನ ನಡವಳಿಕೆ ಇವಿಷ್ಟನ್ನು ಋತು ಶುರುವಾಗುವ ಮೊದಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಪಡೆಯುವ ಕ್ಲಬ್‌ಗಳು ಜಾಣತನ ಮಾಡಿವೆ. ಋತು ಮುಗಿದಾಗ ಆ ಹಾಳೆಯೇ ಮಾತಾಡುತ್ತದೆ. ಅದಕ್ಕೆ ತಪ್ಪಿ ನಡೆದವನು ಆ ವರ್ಷ ಎಷ್ಟೇ ಗೋಲು ಹೊಡೆದಿದ್ದರೂ, ಮುಂದಿನ ವರ್ಷದ ನೋಂದಣಿ ಪಟ್ಟಿಯಲ್ಲಿ ಅವನ ಹೆಸರು ಇರಬಾರದು.