ಒಂದು ಅಮಾವಾಸ್ಯೆ, ನಾಲ್ಕು ಪಂಚಾಂಗ

ಮನೆಮನೆಯ ಗೋಡೆಯಲ್ಲಿರುವ ಕನ್ನಡ ಕ್ಯಾಲೆಂಡರು ನಾವು ಅತಿ ಹೆಚ್ಚು ಓದುವ ಧಾರ್ಮಿಕ ಪುಸ್ತಕ. ಆದರೂ ಅದನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಮಾಡಬೇಕೆಂದರೆ ಬೆಂಗಳೂರಿನ ಜಾಲಹಳ್ಳಿಗಿಂತ ತಕ್ಕ ಜಾಗವಿಲ್ಲ. ಎಚ್‌ಎಂಟಿ, ಬಿಇಎಲ್, ಪೀಣ್ಯದ ಕಾರ್ಖಾನೆಗಳು ಹಲವು ಸೀಮೆಯ ಜನರನ್ನು ಇಲ್ಲಿ ನೆಲೆಗೊಳಿಸಿದವು. ಅವರ ಜೊತೆ ಅವರವರ ಮಾಸಗಳೂ ಬಂದವು.

2025ರ ಜುಲೈ 24ನ್ನೇ ನೋಡಿ. ಅಂದು ಆಷಾಢದ ಅಮಾವಾಸ್ಯೆ. ಹಳೇ ಮೈಸೂರು ಕಡೆಯವರಿಗೆ ಅದು ಭೀಮನ ಅಮಾವಾಸ್ಯೆ: ಜೋಡಿ ದೀಪದ ಕಂಬಗಳಿಗೆ ಪೂಜೆ, ಗಂಡನ ಪಾದಪೂಜೆ, ಹೊಸ್ತಿಲ ಮೇಲೆ ಕಾಸು ಅಡಗಿಸಿಟ್ಟ ಕಡುಬನ್ನು ಮೊಣಕೈಯಿಂದ ಗುದ್ದಿ ಭಂಡಾರ ಒಡೆಯುವ ಅಣ್ಣತಮ್ಮಂದಿರು. ತುಳುನಾಡಿನವರಿಗೆ ಅದೇ ದಿನ ಆಟಿ ಅಮಾವಾಸ್ಯೆ: ಬೆಳಗಾಗುವ ಮೊದಲೇ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಪಾಲೆ ಮರದ ತೊಗಟೆಯ ಕಹಿ ಕಷಾಯ. ಮಲಯಾಳಿಗಳಿಗೆ ಅದು ಕರ್ಕಾಟಕ ಮಾಸದ ಪಿತೃಗಳ ಅಮಾವಾಸ್ಯೆ, ನೀರಿನ ದಡದಲ್ಲಿ ಬಲಿತರ್ಪಣ. ಸರ್ಕಾರದ ರಾಷ್ಟ್ರೀಯ ಪಂಚಾಂಗದ ಪ್ರಕಾರವೋ, ಆಷಾಢ ಮುಗಿದೇ ಹೋಗಿತ್ತು. ಅಂದು ಶ್ರಾವಣ 2, ಶಕ 1947.

ಇಷ್ಟು ಭಿನ್ನ ಲೆಕ್ಕ ಏಕೆಂದರೆ, ನಮ್ಮ ಚಾಂದ್ರಮಾನದ ಮಾಸ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ನಡೆಯುತ್ತದೆ. ಹನ್ನೆರಡು ಮಾಸ ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಸಂಕ್ರಮಣವೇ ಇಲ್ಲದ ಮಾಸವನ್ನು ಅಧಿಕವೆಂದು ಸೇರಿಸಿ ಈ ಕೊರತೆ ತುಂಬುತ್ತಾರೆ. 2023ರಲ್ಲಿ ಎರಡು ಶ್ರಾವಣ ಬಂದದ್ದು ಹೀಗೆ. ತುಳುವರೂ ಮಲಯಾಳಿಗಳೂ ಸೂರ್ಯನ ರಾಶಿಯನ್ನೇ ಹಿಡಿದು ಮಾಸ ಎಣಿಸುತ್ತಾರೆ. ಕ್ಯಾಲೆಂಡರಿನ ದಪ್ಪಕ್ಷರದ ಜನವರಿ, ಮಾರ್ಚ್‌ಗಳಾದರೂ ಧರ್ಮದ ಹಂಗಿಲ್ಲದವಲ್ಲ. ಜೇನಸ್ ಬಾಗಿಲುಗಳ ದೇವರು, ಮಾರ್ಸ್ ಯುದ್ಧದೇವತೆ, ಇಬ್ಬರೂ ಪ್ರಾಚೀನ ರೋಮಿನವರು. ಇಷ್ಟೆಲ್ಲವನ್ನೂ ಒಂದೇ ಹಾಳೆಯಲ್ಲಿ ಜಗಳವಿಲ್ಲದೆ ಕೂರಿಸಿದ್ದು ಗೋಡೆ ಕ್ಯಾಲೆಂಡರಿನ ದೊಡ್ಡ ಗುಣ. ಈ ಕೆಲಸ ಯಾವ ಮಠವೂ ಮಾಡಿದ್ದಲ್ಲ, ಮುದ್ರಣಾಲಯ ಮಾಡಿದ್ದು.

ದೋಷವೂ ಅಲ್ಲೇ ಇದೆ. ಜಾಗ ಸಾಲದೆಂದು ಮಾಸದ ಅರ್ಥ ಬಿಟ್ಟು, ಶುಭ-ಅಶುಭದ ಗುರುತಷ್ಟನ್ನೇ ಉಳಿಸಿಕೊಂಡಿದೆ. ಆಷಾಢ ಬಂತೆಂದರೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಛತ್ರಗಳು ಖಾಲಿ, ಬಟ್ಟೆ ಅಂಗಡಿಗಳಲ್ಲಿ ಆಷಾಢದ ರಿಯಾಯಿತಿ. ಬಿತ್ತನೆಯ ಹೊತ್ತಿನಲ್ಲಿ ಮನೆಮಂದಿಯೆಲ್ಲ ಹೊಲದಲ್ಲಿರಬೇಕಾಗಿದ್ದ ಕಾಲಕ್ಕೆ ಈ ನಿಷೇಧ ಒಪ್ಪುತ್ತಿತ್ತು. ಲೇತ್ ಮಿಷನ್ ಮುಂದೆ ನಿಲ್ಲುವವನಿಗೆ ಇದರಿಂದ ಏನು? ಇನ್ನು ಆಷಾಢವೇ ಅಶುಭವೆನ್ನುವುದಾದರೆ, ಆಷಾಢ ಶುಕ್ರವಾರಗಳಂದು ಚಾಮುಂಡಿಬೆಟ್ಟಕ್ಕೆ ನುಗ್ಗುವ ಜನಸಾಗರಕ್ಕೆ ಏನು ಹೇಳುವುದು? ದೇವಿಯ ಭಕ್ತರಿಗೆ ಅದು ವರ್ಷದ ಶ್ರೇಷ್ಠ ತಿಂಗಳು. ಶುಭವೂ ಅಶುಭವೂ ಮಾಸದಲ್ಲಿಲ್ಲ, ನಡೆಸುವ ಆಚರಣೆಯಲ್ಲಿವೆ.

ಇನ್ನೊಂದು ದೋಷ ಲೆಕ್ಕದ್ದು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರ ತಯಾರಿಸಲು ತೊಡಗಿದ್ದು ಇದೇ ಜಾಲಹಳ್ಳಿಯಲ್ಲಿ. ಸೆಕೆಂಡಿಗೂ ಬೆಲೆ ಕೊಟ್ಟ ಈ ಊರಿನಲ್ಲೂ ಉತ್ತರಾಯಣ ಪುಣ್ಯಕಾಲ ಜನವರಿ ಮಧ್ಯಕ್ಕೇ. ಸೂರ್ಯ ನಿಜವಾಗಿ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21–22ಕ್ಕೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವ ಅಯನಚಲನೆಯಿಂದ ಸುಮಾರು 72 ವರ್ಷಕ್ಕೊಂದು ದಿನದಂತೆ ಈ ಅಂತರ ಬೆಳೆದಿದೆ. ವಿಜ್ಞಾನಿ ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರ ವರದಿಯಲ್ಲೇ ಇದನ್ನು ಎತ್ತಿ ಹೇಳಿತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವೂ ಜಾರಿಗೆ ಬಂತು. ಆದರೆ ಅದು ಗೆಜೆಟ್ಟು, ಆಕಾಶವಾಣಿ ಬಿಟ್ಟು ಈಚೆಗೆ ಬರಲಿಲ್ಲ. ಕಾರಣ ಸ್ಪಷ್ಟ: ಅದರ ತಿಂಗಳು ಗಣಿತದ್ದು, ಹಬ್ಬದ್ದಲ್ಲ.

ಹಬ್ಬದ ದಿನ ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಎಳ್ಳುಬೆಲ್ಲ ಜನವರಿಯಲ್ಲೇ ಹಂಚೋಣ. ಕ್ಯಾಲೆಂಡರ್ ಅಚ್ಚು ಹಾಕುವವರಲ್ಲಿ ಕೋರುವುದು ಇಷ್ಟೇ: ರಾಹುಕಾಲದ ಪಟ್ಟಿ ಕಿರಿದು ಮಾಡಿ, ಪ್ರತಿ ಮಾಸಕ್ಕೂ ಅದರ ಅರ್ಥ ಹೇಳುವ ಎರಡು ಸಾಲು ಕೊಡಿ, ಭೀಮನ ಅಮಾವಾಸ್ಯೆಯ ಪಕ್ಕದಲ್ಲಿ ಆಟಿಯನ್ನೂ ಕರ್ಕಾಟಕವನ್ನೂ ಬರೆಯಿರಿ, ಡಿಸೆಂಬರ್ ಪುಟದಲ್ಲಿ ಸೂರ್ಯ ಹೊರಳುವ ದಿನವನ್ನು ಗುರುತು ಮಾಡಿ.