ಚಿಟಿಕೆಯೊಳಗಿನ ಭೂಕಂಪ

"ಫಲಕಗಳು ಯಾವಾಗಲೂ ಚಲಿಸ್ತಾನೇ ಇರ್ತವೆ ಅಂದ್ರಲ್ಲ ಸಾರ್, ಹಂಗಾದ್ರೆ ನಮ್ಮೂರಲ್ಲಿ ದಿನಾ ಯಾಕೆ ಭೂಕಂಪ ಆಗಲ್ಲ?"

ಎಂಟನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಕೇಳಿದಾಗ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸಮಾಜ ವಿಜ್ಞಾನದ ಮೇಷ್ಟ್ರು ಆಸ್ಥೆಯಿಂದ ಪಾಠ ಮಾಡುವವರು. ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ತುಂಬ ಭೂಫಲಕಗಳನ್ನು ಬರೆದಿದ್ದರು. ಎರಡು ಡಸ್ಟರುಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿ, ಹೀಗೆ ಬಡಿದಾಗ ನೆಲ ನಡುಗುತ್ತದೆ ಎಂದು ತೋರಿಸಿಯೂ ಇದ್ದರು. ಪ್ರಶ್ನೆ ಕೇಳಿ ಒಂದು ಗಳಿಗೆ ಸುಮ್ಮನಾದರು. "ಕೆಲವು ಸಲ ಜೋರಾಗಿ ಚಲಿಸ್ತವೆ, ಆಗ ಆಗುತ್ತೆ. ಕೂತ್ಕೋಮ್ಮ" ಅಂದರು. ಅಷ್ಟರಲ್ಲಿ ಬೆಲ್ ಹೊಡೆಯಿತು.

ಆ ಉತ್ತರ ತಪ್ಪು. ಆದರೆ ಆ ತಪ್ಪನ್ನು ಅವರೊಬ್ಬರ ತಲೆಗೆ ಕಟ್ಟುವಂತಿಲ್ಲ. ನಮ್ಮ ಪ್ರೌಢಶಾಲೆಗಳಲ್ಲಿ ಈ ಪಾಠ ನಡೆದುಬಂದ ಬಗೆಯಲ್ಲೇ ಒಂದು ಮೆಟ್ಟಿಲು ಬಿಟ್ಟುಹೋಗಿದೆ. ಫಲಕ ಚಲಿಸುತ್ತದೆ ಅನ್ನುತ್ತೇವೆ, ನೆಲ ನಡುಗುತ್ತದೆ ಅನ್ನುತ್ತೇವೆ. ಇವೆರಡರ ನಡುವೆ ಹತ್ತಾರು, ನೂರಾರು ವರ್ಷ ಬಂಡೆಗಳು ಕಚ್ಚಿಕೊಂಡು ಅಲುಗದೆ ನಿಂತಿರುತ್ತವೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಹುಡುಗಿ ಕೇಳಿದ್ದಕ್ಕೆ ಉತ್ತರ ಇರುವುದು ಆ ನಿಂತ ಕಾಲದಲ್ಲೇ.

ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತದೆ. ಹೆಚ್ಚುಕಡಿಮೆ ನಮ್ಮ ಉಗುರು ಬೆಳೆಯುವ ವೇಗ. ಅದರಲ್ಲಿ ಸುಮಾರು 2 ಸೆಂಟಿಮೀಟರಿನಷ್ಟು ಹಿಮಾಲಯದ ಬುಡದಲ್ಲಿ ಕೂಡಿಬೀಳುತ್ತದೆ. ಅಲ್ಲಿ ನಮ್ಮ ಫಲಕ ಟಿಬೆಟ್ಟಿನ ಕೆಳಗೆ ನುಗ್ಗಲು ನೋಡುತ್ತದೆ, ಬಂಡೆಗಳ ತಿಕ್ಕಾಟ ಬಿಡುವುದಿಲ್ಲ. ಹಿಂದಿನಿಂದ ಬರುವ ತಳ್ಳು ಮಾತ್ರ ಒಂದು ದಿನವೂ ನಿಲ್ಲದು. ಆಗ ಬಂಡೆ ರಬ್ಬರಿನಂತೆ ಬಗ್ಗಿ, ಆ ತಳ್ಳನ್ನು ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಬೋರ್ಡಿನ ಮೇಲೆ ಒಂದು ಗುಣಾಕಾರ ಸಾಕು: ವರ್ಷಕ್ಕೆ 2 ಸೆಂಟಿಮೀಟರ್, 150 ವರ್ಷ, ಒಟ್ಟು 3 ಮೀಟರ್. ಈ ಸಾಲ ಒಂದೇ ಕಂತಿನಲ್ಲಿ ತೀರುವ ದಿನವೇ ಭೂಕಂಪ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾದಾಗ ಕಾಠ್ಮಂಡುವಿನ ನೆಲ ಸೆಕೆಂಡುಗಳ ಲೆಕ್ಕದಲ್ಲಿ ಒಂದೂವರೆ ಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಸರಿಯಿತು. ಫಲಕ ಅಂದು ಜೋರಾಗಿ ಓಡಲಿಲ್ಲ. ಎಷ್ಟೋ ವರ್ಷ ಸರಿಯಬೇಕಾಗಿದ್ದ ಅಂಚು ಅಂದು ಬಾಕಿ ತೀರಿಸಿತು.

ಈ ಮೆಟ್ಟಿಲು ಕಂಡುಹಿಡಿದದ್ದು ಫಲಕ ಸಿದ್ಧಾಂತಕ್ಕಿಂತ ಅರ್ಧ ಶತಮಾನ ಮೊದಲು ಅನ್ನುವುದು ಪಾಠ ಹೇಳುವವರಿಗೆ ತಿಳಿದಿರಬೇಕು. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೊ ನಡುಗಿದಾಗ ಸ್ಯಾನ್ ಆಂಡ್ರಿಯಾಸ್ ಸ್ತರಭಂಗವನ್ನು, ಅಂದರೆ ನೆಲದೊಳಗಿನ ಉದ್ದ ಬಿರುಕನ್ನು, ಅಡ್ಡಹಾಯ್ದಿದ್ದ ಬೇಲಿಗಳು, ರಸ್ತೆಗಳು ತುಂಡಾಗಿ, ಕೆಲವೆಡೆ 6 ಮೀಟರಿನಷ್ಟು ಪಕ್ಕಕ್ಕೆ ಸರಿದಿದ್ದವು. ಭೂಭೌತವಿಜ್ಞಾನಿ ಹ್ಯಾರಿ ಫೀಲ್ಡಿಂಗ್ ರೀಡ್ ಹಳೆಯ ಭೂಮಾಪನದ ಲೆಕ್ಕಗಳನ್ನೂ ಹೊಸ ಲೆಕ್ಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಸ್ತರಭಂಗದಿಂದ ದೂರದ ನೆಲ ಭೂಕಂಪಕ್ಕೆ ಮೊದಲೇ ಮೆಲ್ಲಗೆ ಸರಿಯುತ್ತಿತ್ತು, ಸ್ತರಭಂಗದ ಬಳಿ ಮಾತ್ರ ಕಚ್ಚಿಕೊಂಡಿತ್ತು; ನಡುವಿನ ಬಂಡೆ ಬಗ್ಗಿ, ಹಿಡಿತ ತಪ್ಪಿದೊಡನೆ ಪುಟಿದು ನೇರವಾಯಿತು ಎಂದು 1910ರಲ್ಲಿ ವಿವರಿಸಿದರು. ಬಿಲ್ಲು ಬಗ್ಗಿದ್ದನ್ನು ಅವರು ಕಂಡರು. ಬಗ್ಗಿಸುವ ಕೈ ಯಾವುದು ಅನ್ನುವುದು ಆಗ ಗೊತ್ತಿರಲಿಲ್ಲ. ಅದು ಗೊತ್ತಾದದ್ದು 1960ರ ದಶಕದಲ್ಲಿ, ಫಲಕಗಳ ಚಿತ್ರ ಪೂರ್ಣವಾದಾಗ. ನಮ್ಮ ತರಗತಿಗಳು ಈ ಕೈಯನ್ನು ತೋರಿಸುತ್ತವೆ, ಬಿಲ್ಲನ್ನು ಮರೆತುಬಿಡುತ್ತವೆ. ಬಿಲ್ಲು ಕಾಣದ ಮಗುವಿಗೆ ಭೂಫಲಕವೂ ಒಂದು ಆದಿಶೇಷನೇ: ಅದು ಅಲುಗಿತು, ಇದು ನಡುಗಿತು. ಅಜ್ಜಿ ಹೇಳುತ್ತಿದ್ದ ಕಥೆಗೂ ಮೇಷ್ಟ್ರು ಹೇಳಿದ ಪಾಠಕ್ಕೂ ಪಾತ್ರದ ಹೆಸರಷ್ಟೇ ಬೇರೆ.

ಇದರಲ್ಲಿ ನಮ್ಮ ಭಾಷೆಯ ಪಾಲೂ ಒಂದಿಷ್ಟಿದೆ. 'ಫಲಕಗಳ ಘರ್ಷಣೆಯಿಂದ ಭೂಕಂಪ ಉಂಟಾಗುತ್ತದೆ' ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಎಂಟನೇ ತರಗತಿಯ ವಿಜ್ಞಾನದಲ್ಲಿ ಘರ್ಷಣೆ ಅಂದರೆ ಒಂದು ಮೇಲ್ಮೈ ಇನ್ನೊಂದರ ಮೇಲೆ ಜಾರದಂತೆ ತಡೆಯುವ ಬಲ. ಪತ್ರಿಕೆಯಲ್ಲಿ ಘರ್ಷಣೆ ಅಂದರೆ ಎರಡು ಗುಂಪುಗಳ ಹೊಡೆದಾಟ. ಸಮಾಜ ವಿಜ್ಞಾನದ ಪೀರಿಯಡ್ಡಿನಲ್ಲಿ ಆ ಪದ ಕಿವಿಗೆ ಬಿದ್ದಾಗ ಮಗು ಹಿಡಿಯುವುದು ಎರಡನೆಯ ಅರ್ಥವನ್ನು. ಎರಡು ಲಾರಿ ಗುದ್ದಿಕೊಂಡಂತೆ ಎರಡು ಖಂಡಗಳು ಗುದ್ದಿಕೊಳ್ಳುತ್ತವೆ ಎಂದೇ ಅದು ಕಲ್ಪಿಸಿಕೊಳ್ಳುತ್ತದೆ. ಬೇಕಾಗಿದ್ದದ್ದು ಮೊದಲನೆಯ ಅರ್ಥ. ಆ ಅರ್ಥವನ್ನು ಪಕ್ಕದ ಪೀರಿಯಡ್ಡಿನಲ್ಲಿ ವಿಜ್ಞಾನದ ಮೇಡಂ ಸೊಗಸಾಗಿ ಕಲಿಸಿರುತ್ತಾರೆ. ಒಂದೇ ಪದ, ಒಂದೇ ತರಗತಿ, ಇಬ್ಬರು ಶಿಕ್ಷಕರು. ನಡುವೆ ಒಂದು ಗೋಡೆ.

ಇನ್ನು ತರಗತಿಯ ಪ್ರಯೋಗಗಳ ವಿಷಯ. ಬೇಯಿಸಿದ ಮೊಟ್ಟೆಯ ಬಿರಿದ ಸಿಪ್ಪೆ ನೋಡಿದರೆ, ಭೂಮಿಯ ಗಾತ್ರಕ್ಕೆ ಫಲಕ ಎಷ್ಟು ತೆಳು ಅನ್ನುವುದು ಕಣ್ಣಿಗೆ ಕಟ್ಟುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕೇಳಬಾರದು. ಕ್ರೀಮ್ ಬಿಸ್ಕತ್ತನ್ನು ಎರಡು ತುಂಡು ಮಾಡಿ ಕ್ರೀಮಿನ ಮೇಲೆ ಸರಿಸುವ ಆಟ ಮಕ್ಕಳಿಗೆ ಇಷ್ಟ. ಫಲಕಗಳು ದೂರವಾಗುವುದು, ಹತ್ತಿರವಾಗುವುದು, ಪಕ್ಕಕ್ಕೆ ಉಜ್ಜುವುದು ಮೂರೂ ಅದರಲ್ಲಿ ಸ್ಪಷ್ಟ. ಆದರೆ ಕ್ರೀಮಿನ ಮೇಲೆ ಎಲ್ಲವೂ ನುಣ್ಣಗೆ ಜಾರುತ್ತದೆ, ಹೀಗೆ ನುಣ್ಣಗೆ ಜಾರುವ ಕಡೆ ದೊಡ್ಡ ಭೂಕಂಪ ಆಗುವುದಿಲ್ಲ. ಜೊತೆಗೆ ಫಲಕಗಳು ಕರಗಿದ ಕಲ್ಲಿನ ಸಮುದ್ರದಲ್ಲಿ ತೇಲುತ್ತಿವೆ ಎಂಬ ತಪ್ಪು ಕಲ್ಪನೆಯನ್ನೂ ಅದು ಬಿತ್ತುತ್ತದೆ. ಫಲಕಗಳ ಕೆಳಗಿನ ಮ್ಯಾಂಟಲ್ ಬಹುಪಾಲು ಘನ. ಬಿಸಿಗೂ ಒತ್ತಡಕ್ಕೂ ಮಣಿದು ಲಕ್ಷಾಂತರ ವರ್ಷಗಳಲ್ಲಿ ಹರಿಯುವ ಘನ. ಭೂಕಂಪದ ದ್ವಿತೀಯಕ ಅಲೆಗಳು ದ್ರವದ ಮೂಲಕ ಸಾಗವು ಎಂದು ನಾವೇ ಕಲಿಸುತ್ತೇವೆ, ಅವು ಮ್ಯಾಂಟಲ್ ದಾಟಿ ಬರುತ್ತವೆ ಎಂದೂ ನಾವೇ ಕಲಿಸುತ್ತೇವೆ. ಎರಡನ್ನೂ ಜೋಡಿಸಿದ ಮಗು ಕ್ರೀಮನ್ನು ತಾನೇ ಪ್ರಶ್ನಿಸುತ್ತದೆ.

ಡಸ್ಟರಿನ ಡಿಕ್ಕಿಗೆ ನನ್ನ ಅಂಕ ಸೊನ್ನೆ. ಪೂರ್ತಿ ಅಂಕ ಕೊಡುವುದಾದರೆ ಇಟ್ಟಿಗೆಗೆ. ಹಲಗೆಯ ಮೇಲೆ ಸ್ಯಾಂಡ್ ಪೇಪರ್ ಹಾಸಿ, ಇಟ್ಟಿಗೆಯ ತಳಕ್ಕೂ ಅದನ್ನೇ ಅಂಟಿಸಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿ, ಒಬ್ಬ ಹುಡುಗ ಒಂದೇ ಸಮನೆ ಮೆಲ್ಲಗೆ ಎಳೆಯಬೇಕು. ಪಟ್ಟಿ ಹಿಗ್ಗುತ್ತ ಹೋಗುತ್ತದೆ, ಇಟ್ಟಿಗೆ ಅಲುಗುವುದಿಲ್ಲ. ಹಿಗ್ಗಿ, ಹಿಗ್ಗಿ, ಥಟ್ಟನೆ ಇಟ್ಟಿಗೆ ಜಾರುತ್ತದೆ, ಮತ್ತೆ ನಿಲ್ಲುತ್ತದೆ. ಎಳೆತ ಸಮವಾಗಿದ್ದರೂ ಜಾರುವುದು ಸಮವಾಗಿರುವುದಿಲ್ಲ. ಒಮ್ಮೆ ಎರಡು ಬೆರಳಗಲ, ಒಮ್ಮೆ ಗೇಣುದ್ದ. ಮುಂದಿನ ಸಲ ಯಾವಾಗ ಜಾರುತ್ತದೆ ಎಂದು ತರಗತಿಯವರೆಲ್ಲ ಪಂತ ಕಟ್ಟಿ ಸೋಲಲಿ. ಜಾರುವುದು ಖಚಿತ, ದಿನ ಖಚಿತವಲ್ಲ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಸಾಧನ ನಾನು ನೋಡಿಲ್ಲ. ಮೊಬೈಲಿನಲ್ಲಿ ಭೂಕಂಪದ ಭವಿಷ್ಯ ಹಂಚುವವರಿಗೂ ಉತ್ತರ ಅಲ್ಲೇ ಸಿಗುತ್ತದೆ.

ಇಟ್ಟಿಗೆ ತರಲು ಪುರುಸೊತ್ತಿಲ್ಲವೇ? ಚಿಟಿಕೆ ಹೊಡೆಸಿ. ಹೆಬ್ಬೆರಳಿಗೆ ನಡುಬೆರಳು ಒತ್ತಿ, ಪಕ್ಕಕ್ಕೆ ತಳ್ಳಿದರೆ ಮೊದಲು ಏನೂ ಆಗದು. ಬೆರಳು ಬಿಗಿಯುತ್ತದೆ, ಆಮೇಲೆ ಹಿಡಿತ ತಪ್ಪಿ ಚಟ್ಟೆನ್ನುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ಬೆರಳಿನಲ್ಲಿ ಚಿಟಿಕೆ ಬರುವುದಿಲ್ಲ. ತಿಕ್ಕಾಟ ಇಲ್ಲದಿದ್ದರೆ ಕೂಡಿಡುವುದೂ ಇಲ್ಲ, ಸಿಡಿಯುವುದೂ ಇಲ್ಲ. ನೆಲದೊಳಗಿನ ಹಿಡಿತ ತಪ್ಪಿದಾಗಲೂ ಸದ್ದಾಗುವುದುಂಟು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲೂ 2022ರ ಮಳೆಗಾಲದಲ್ಲಿ ಕೊಡಗು, ಸುಳ್ಯದ ಗಡಿಯಲ್ಲೂ ಜನ ನಡುಕದ ಜೊತೆಗೆ ನೆಲದೊಳಗಿನ ಗುಡುಗಿಗೆ ಬೆಚ್ಚಿ ಮನೆಯಿಂದ ಹೊರಬಂದಿದ್ದರು. ಹೆಚ್ಚು ಆಳದಲ್ಲಿಲ್ಲದ ಸಣ್ಣ ಜಾರುಗಳ ಕಂಪನ ಗಾಳಿಗೆ ದಾಟಿ ಹೀಗೆ ಕೇಳಿಸುತ್ತದೆ.

ಆದರೆ ಗಡಿಕೇಶ್ವರವಾಗಲಿ ಸುಳ್ಯವಾಗಲಿ ಯಾವ ಫಲಕದ ಅಂಚಿನಲ್ಲೂ ಇಲ್ಲವಲ್ಲ! ಈ ಪಾಠದ ಎರಡನೆಯ ಕೊರತೆ ಇದು. ನಕ್ಷೆಯಲ್ಲಿ ಫಲಕಗಳ ಅಂಚಿಗೆ ಕೆಂಪು ಗೆರೆ ಎಳೆಸುತ್ತೇವೆ. ಭೂಕಂಪಗಳ ಚುಕ್ಕಿಗಳು ಆ ಗೆರೆಯ ಉದ್ದಕ್ಕೂ ಬೀಳುವುದನ್ನು ಮಗು ತಾನೇ ಕಾಣುತ್ತದೆ; ಅದು ಒಳ್ಳೆಯ ಅಭ್ಯಾಸ, ಸಾಕ್ಷ್ಯದಿಂದ ಕಲಿಯುವ ಅಭ್ಯಾಸ. ಆದರೆ ಅಲ್ಲಿಗೇ ನಿಲ್ಲಿಸಿದರೆ ದಖ್ಖನಿನ ಗಟ್ಟಿ ಕಲ್ಲಿನ ಮೇಲಿರುವ ನಮಗೇನೂ ಭಯವಿಲ್ಲ ಎಂಬ ತೀರ್ಮಾನಕ್ಕೂ ಮಗು ತಾನೇ ಬರುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ನಮ್ಮ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 6.2 ತೀವ್ರತೆಯ ಭೂಕಂಪವಾಯಿತು. ಸತ್ತವರು ಹತ್ತಿರಹತ್ತಿರ 10,000 ಮಂದಿ. ಬಹಳಷ್ಟು ಜನರನ್ನು ಕೊಂದದ್ದು ಮಣ್ಣಿನಲ್ಲಿ ಕೂರಿಸಿದ ಕಲ್ಲಿನ ದಪ್ಪ ಗೋಡೆಗಳು, ಭಾರದ ಮಾಳಿಗೆಗಳು. ಹಿಮಾಲಯದಲ್ಲಿ ಸಿಕ್ಕಿಬಿದ್ದ ಫಲಕ ತನ್ನ ಮೈಯುದ್ದಕ್ಕೂ ಬಿಗಿದುಕೊಂಡಿರುತ್ತದೆ, ಒಳಗಿನ ಹಳೆಯ ಬಿರುಕುಗಳ ಹಿಡಿತವೂ ಅಪರೂಪಕ್ಕೆ ತಪ್ಪುತ್ತದೆ. 1967ರ ಡಿಸೆಂಬರಿನ ಕೊಯ್ನಾ ಭೂಕಂಪದಲ್ಲಿ ಜಲಾಶಯದ ನೀರು ಬಿರುಕಿಗೆ ಇಳಿದು ಹಿಡಿತ ಸಡಿಲಿಸಿತು. ಬಿಗಿತ ಮಾತ್ರ ಮೊದಲೇ ಕೂಡಿತ್ತು. ಅಂಚು, ನಡುಭಾಗ, ಅಣೆಕಟ್ಟು, ಮೂರಕ್ಕೂ ಚಿಟಿಕೆಯ ತರ್ಕ ಒಂದೇ. ಡಿಕ್ಕಿಯ ಚಿತ್ರ ಕಿಲ್ಲಾರಿಯ ಮುಂದೆ ಸೋಲುತ್ತದೆ.

ಶಿಕ್ಷಕರಿಗೆ ಸಿಗುವುದು ಎರಡೋ ಮೂರೋ ಪೀರಿಯಡ್, ಎದುರಿಗೆ ಪರೀಕ್ಷೆ. ನಿಜ. ಆ ಪರೀಕ್ಷೆಯೇ ಕೊನೆಯ ತೊಡಕು. 'ಭೂಕಂಪಕ್ಕೆ ಕಾರಣಗಳನ್ನು ಪಟ್ಟಿ ಮಾಡಿ' ಅನ್ನುವ ಪ್ರಶ್ನೆಗೆ ಮಕ್ಕಳು ಫಲಕಗಳ ಚಲನೆ, ಸ್ತರಭಂಗ, ಜ್ವಾಲಾಮುಖಿ, ಅಣೆಕಟ್ಟು ಎಂದು ಒಂದರ ಕೆಳಗೊಂದು ಬರೆದು ಅಂಕ ಪಡೆಯುತ್ತಾರೆ. ಚಲನೆ ಬಿಗಿತವನ್ನು ಕೂಡಿಸುತ್ತದೆ, ಬಿಗಿತ ಸ್ತರಭಂಗದಲ್ಲಿ ಬಿಡುಗಡೆಯಾಗುತ್ತದೆ. ಅಜ್ಜ, ಅಪ್ಪ, ಮಗ ಎಂದು ಹೇಳಬೇಕಾದವರನ್ನು ಆ ಪಟ್ಟಿ ಅಣ್ಣತಮ್ಮಂದಿರೆಂದು ನಿಲ್ಲಿಸುತ್ತದೆ. ಪಟ್ಟಿಗೆ ಅಂಕವಿರುವವರೆಗೆ ಇಟ್ಟಿಗೆ ಎಳೆಯಲು ಯಾರಿಗೆ ಬಿಡುವು?

ಹಾಗಾಗಿ ಪಾಠಕ್ಕಿಂತ ಮೊದಲು ಪ್ರಶ್ನೆಪತ್ರಿಕೆ ಬದಲಾಗಲಿ ಎಂದು ನನಗನ್ನಿಸುತ್ತದೆ. ಹೊಸ ಪ್ರಶ್ನೆಯನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. 'ಭೂಫಲಕಗಳು ಯಾವಾಗಲೂ ಚಲಿಸುತ್ತಿದ್ದರೂ ಒಂದು ಊರಿನಲ್ಲಿ ದಿನವೂ ಭೂಕಂಪ ಏಕೆ ಆಗುವುದಿಲ್ಲ? ವಿವರಿಸಿ.' ಮೂರು ಅಂಕ. ಬೆಲ್ ಹೊಡೆದ ಮೇಲೂ ಆ ಹುಡುಗಿ ಕೂತಿರಲಿಲ್ಲ.